ಚಳಿಗೆ ಅಂಜದ ಅಕ್ವಿಲೀಜಿಯಾ: ಬೀಜದಿಂದ ಮರುವರ್ಷದ ಹೂವಿನವರೆಗೆ

ಅಕ್ವಿಲೀಜಿಯಾ ಬೆಳೆಸುವ ಹೊಸಬರಿಗೆ ಮೊದಲ ಚಳಿಗಾಲ ಗಾಬರಿ ಹುಟ್ಟಿಸುತ್ತದೆ. ಮೊನ್ನೆವರೆಗೆ ತುಂಬಿಕೊಂಡಿದ್ದ ಗಿಡ ಬಾಡಿ, ಕಪ್ಪಾಗಿ, ಕೊನೆಗೆ ಮಡಿಯಲ್ಲಿ ಬರೀ ಮಣ್ಣು ಕಾಣುತ್ತದೆ. ಸತ್ತೇ ಹೋಯಿತು ಅಂತ ಅಗೆದು ಎಸೆದವರನ್ನು ನಾನು ಕಂಡಿದ್ದೇನೆ.

ನನ್ನ ಮೊದಲ ಗಿಡವನ್ನು ನಾನು ಕಾಪಾಡಲು ಹೋಗಿಯೇ ಕಳೆದುಕೊಂಡೆ. ಚಳಿ ಶುರುವಾಗುತ್ತಲೇ ಕುಂಡವನ್ನು ಎತ್ತಿ ಒಳಗೆ ತಂದು, ಬೆಚ್ಚಗಿನ ಕೋಣೆಯ ಕಿಟಕಿ ಪಕ್ಕ ಇಟ್ಟೆ. ದಿನಾ ನೀರು ಹಾಕಿದೆ. ಬಿಳಿಚಿಕೊಂಡ ಸಣ್ಣ ಎಲೆಗಳು ಬಂದವು, ಉದ್ದಕ್ಕೆ ಎಳೆದು ಬಾಗಿದವು. ವಸಂತ ಬಂದರೂ ಒಂದು ಮೊಗ್ಗಿಲ್ಲ. ಆಮೇಲೆ ಬುಡವೇ ಕೊಳೆಯಿತು. ಅದೇ ಬೀಜದ ಇನ್ನೊಂದು ಸಸಿ ಹೊರಗೆ ಮಡಿಯ ಅಂಚಿನಲ್ಲಿತ್ತು, ಅದನ್ನು ನಾನು ಮರೆತೇ ಬಿಟ್ಟಿದ್ದೆ. ಅದು ಹಿಮದ ಕೆಳಗೆ ಮಲಗಿದ್ದು, ಎದ್ದು, ತಲೆ ತುಂಬ ಹೂ ಬಿಟ್ಟಿತು.

ಅವತ್ತು ತಿಳಿದದ್ದು ಇಷ್ಟು. ಈ ಗಿಡವನ್ನು ಕೊಲ್ಲುವುದು ಚಳಿಯಲ್ಲ, ಬುಡದಲ್ಲಿ ನಿಲ್ಲುವ ನೀರು. ಚಳಿ ಇದಕ್ಕೆ ಬೇಕೇ ಬೇಕು. ಚಳಿ ತಾಗದಿದ್ದರೆ ಬಹುಪಾಲು ತಳಿಗಳು ಹೂವನ್ನೇ ಬಿಡುವುದಿಲ್ಲ. ಮುಂದೆ ಹೇಳುವ ಹೆಜ್ಜೆಗಳಲ್ಲಿ ಈ ಒಂದು ಮಾತು ಮನಸ್ಸಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಗಿಡದ ಪರಿಚಯ

ಅಕ್ವಿಲೀಜಿಯಾಕ್ಕೆ ಕೊಲಂಬೈನ್ ಅಂತಲೂ ಹೆಸರಿದೆ. ಯುರೋಪ್, ಏಷ್ಯಾ, ಉತ್ತರ ಅಮೆರಿಕದ ತಂಪು ಸೀಮೆಗಳ ಗಿಡ. ಸುಮಾರು 60ರಿಂದ 70 ಜಾತಿಗಳಿವೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಅಗಲಿಸಿ ನಿಂತ ಐದು ದಳ, ಒಳಗೆ ಬಟ್ಟಲಿನಂಥ ಐದು ದಳ. ಒಳಗಿನ ಪ್ರತಿ ದಳವೂ ಹಿಂದಕ್ಕೆ ಉದ್ದವಾಗಿ, ಸಣ್ಣ ಕೊಂಬಿನ ಹಾಗೆ ಚಾಚಿಕೊಂಡಿರುತ್ತದೆ. ಆ ಕೊಂಬಿನ ತುದಿಯಲ್ಲಿ ಮಕರಂದ. ಲ್ಯಾಟಿನ್‌ನಲ್ಲಿ ಅಕ್ವಿಲಾ ಅಂದರೆ ಹದ್ದು, ಕೊಂಬುಗಳು ಹದ್ದಿನ ಉಗುರಿನ ಹಾಗಿವೆ ಅಂತ ಒಂದು ಹೆಸರು. ಕೊಲಂಬಾ ಅಂದರೆ ಪಾರಿವಾಳ. ಹೂವನ್ನು ತಲೆಕೆಳಗು ಮಾಡಿದರೆ ಐದು ಪಾರಿವಾಳ ತಲೆ ಕೂಡಿಸಿ ಕುಳಿತ ಹಾಗೆ ಕಾಣುತ್ತದೆ, ಅದಕ್ಕೆ ಇನ್ನೊಂದು ಹೆಸರು. ಒಂದೇ ಹೂವಿನಲ್ಲಿ ಹದ್ದೂ ಇದೆ, ಪಾರಿವಾಳವೂ ಇದೆ.

ಕೊಂಬಿನ ಉದ್ದ ನೋಡಿದರೆ ಆ ಹೂವಿಗೆ ಬರುವ ಅತಿಥಿ ಯಾರು ಅಂತ ಹೇಳಬಹುದು. ಯುರೋಪಿನ ವಲ್ಗಾರಿಸ್ ಜಾತಿಗೆ ಗಿಡ್ಡ, ಕೊಕ್ಕೆಯಂತೆ ಬಾಗಿದ ಕೊಂಬು, ಅದಕ್ಕೆ ದೊಡ್ಡ ದುಂಬಿಗಳು ಬರುತ್ತವೆ. ಅಮೆರಿಕದ ಕೆಂಪು–ಹಳದಿ ಕೆನಡೆನ್ಸಿಸ್‌ಗೆ ಹಮ್ಮಿಂಗ್‌ಬರ್ಡ್ ಬರುತ್ತದೆ. ತೆಳು ಬಣ್ಣದ, ತುಂಬ ಉದ್ದ ಕೊಂಬಿನ ಹೂಗಳಿಗೆ ಮುಸ್ಸಂಜೆ ಹಾರುವ, ಉದ್ದ ಸೊಂಡಿಲಿನ ಪತಂಗಗಳು ಬರುತ್ತವೆ. ಕೆಲವು ದುಂಬಿಗಳಿಗೆ ನಾಲಿಗೆ ಸಾಲುವುದಿಲ್ಲ. ಅವು ಕೊಂಬಿನ ತುದಿಗೆ ಹೊರಗಿನಿಂದಲೇ ತೂತು ಕೊರೆದು ಮಕರಂದ ಹೀರುತ್ತವೆ. ಕೊಂಬಿನ ಮೇಲೆ ಸಣ್ಣ ಕಂದು ತೂತು ಕಂಡರೆ ರೋಗ ಅಂತ ಹೆದರಬೇಡಿ.

ಯಾವುದನ್ನು ಆರಿಸಲಿ ಅಂದರೆ, ಮೊದಲ ಸಲ ಬೆಳೆಸುವವರಿಗೆ ವಲ್ಗಾರಿಸ್ ಅಥವಾ ಕೆನಡೆನ್ಸಿಸ್ ಅಂತ ಹೇಳುತ್ತೇನೆ. ಎರಡೂ ಗಟ್ಟಿ ಗಿಡಗಳು. ನೀಲಿ–ಬಿಳಿಯ ಸೆರುಲಿಯಾ ತುಂಬ ಚೆಂದ. 1899ರಿಂದ ಅದು ಅಮೆರಿಕದ ಕೊಲೊರಾಡೊ ರಾಜ್ಯದ ಹೂ. ಆದರೆ ಬೆಟ್ಟದ ಗಿಡವಾದ್ದರಿಂದ ಬಿಸಿಗೆ ಬೇಗ ಬಳಲುತ್ತದೆ. ಬೇಸಿಗೆ ಜಾಸ್ತಿ ಇರುವ ಕಡೆ ಹಳದಿ ಹೂವಿನ ಕ್ರೈಸಾಂತಾ ಒಳ್ಳೆಯದು. ಜಾಗ ಚಿಕ್ಕದಿದ್ದರೆ ಜಪಾನ್ ಕಡೆಯ ಗಿಡ್ಡ ಜಾತಿ ಫ್ಲಾಬೆಲ್ಲಾಟಾ ಕುಂಡಕ್ಕೂ ಒಗ್ಗುತ್ತದೆ.

ಒಂದು ಎಚ್ಚರಿಕೆ. ಈ ಗಿಡದ ಬೀಜ ಮತ್ತು ಬೇರು ವಿಷ. ಮಕ್ಕಳು, ಸಾಕುಪ್ರಾಣಿ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ. ಬೀಜ ಬಿಡಿಸಿದ ಮೇಲೆ ಕೈ ತೊಳೆಯಿರಿ.

ಹೆಜ್ಜೆ 1: ಬೀಜಕ್ಕೆ ಚಳಿ, ಆಮೇಲೆ ಬೆಳಕು

ಗಿಡದಿಂದ ಆಗಷ್ಟೇ ಉದುರಿದ ಬೀಜ ಸುಲಭವಾಗಿ ಮೊಳೆಯುತ್ತದೆ. ಪೊಟ್ಟಣದಲ್ಲಿ ಬಂದ ಹಳೆಯ ಬೀಜ ಗಾಢ ನಿದ್ದೆಯಲ್ಲಿರುತ್ತದೆ. ಅದಕ್ಕೆ ಚಳಿಗಾಲ ಕಳೆಯಿತು ಅಂತ ನಂಬಿಸಬೇಕು. ಹೀಗೆ ಮಾಡಿ: ಒಂದು ಹಿಡಿ ಮರಳನ್ನು ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ. ಹಿಂಡಿದಾಗ ನೀರು ತೊಟ್ಟಿಕ್ಕಬಾರದು, ಮರಳು ಉಂಡೆ ನಿಲ್ಲಬೇಕು. ಅದರಲ್ಲಿ ಬೀಜ ಬೆರೆಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತಾರೀಖು ಬರೆದು ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಅಲ್ಲ, ತರಕಾರಿ ಇಡುವ ಕಡೆ. ಮೂರ್ನಾಲ್ಕು ವಾರ ಸಾಕು. ವಾರಕ್ಕೊಮ್ಮೆ ತೆಗೆದು ನೋಡಿ. ಯಾವುದಾದರೂ ಬೀಜ ಮೊಳಕೆ ಒಡೆದಿದ್ದರೆ ಆಗಲೇ ಬಿತ್ತಿಬಿಡಿ.

ಇದಕ್ಕಿಂತ ಸುಲಭದ ದಾರಿಯೂ ಇದೆ. ಚಳಿಗಾಲ ಇರುವ ಕಡೆ, ಟ್ರೇಯಲ್ಲಿ ಬೀಜ ಬಿತ್ತಿ ಚಳಿಯ ಮೊದಲೇ ಹೊರಗೆ ಇಟ್ಟರೆ ಆಯಿತು. ಮಿಕ್ಕದ್ದನ್ನು ಋತು ನೋಡಿಕೊಳ್ಳುತ್ತದೆ.

ಬಿತ್ತನೆಗೆ ಎರಡು ಪಾಲು ಜರಡಿ ಹಿಡಿದ ಕಾಂಪೋಸ್ಟ್ ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಮರಳು. ಟ್ರೇ ತುಂಬಿ ಮೊದಲೇ ನೀರು ಕೊಟ್ಟು, ಮೇಲಿನಿಂದ ಬೀಜ ಉದುರಿಸಿ. ಮಣ್ಣು ಮುಚ್ಚಬೇಡಿ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ನೀರನ್ನು ಮೇಲಿನಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ತೇಲಿ ಹೋಗುತ್ತದೆ. ಟ್ರೇಯನ್ನೇ ನೀರಿನ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ಕೆಳಗಿನಿಂದ ಹೀರಲು ಬಿಡಿ.

18ರಿಂದ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಮೊಳಕೆ ಬರುತ್ತದೆ. ಕೆಲವು ಬೀಜ ಎರಡು ಮೂರು ತಿಂಗಳೂ ತೆಗೆದುಕೊಳ್ಳುತ್ತವೆ. ಅದಕ್ಕೇ ಟ್ರೇಯನ್ನು ಬೇಗ ಖಾಲಿ ಮಾಡಬೇಡಿ. ಮೊದಲು ಸಾದಾ ಎರಡು ಎಲೆ, ಆಮೇಲೆ ಮೂರು ಹಾಲೆಯ ಪುಟ್ಟ ಎಲೆ. ಮೂರು ಹಾಲೆಯ ಎಲೆ ಕಂಡರೆ ಅದು ಕಳೆಯಲ್ಲ, ನಿಮ್ಮ ಗಿಡವೇ.

ಹೆಜ್ಜೆ 2: ಜಾಗ ಮತ್ತು ನಾಟಿ

ನಿಜವಾದ ಎಲೆ ಎರಡು ಮೂರು ಬಂದ ಮೇಲೆ ಒಂದೊಂದು ಸಸಿಯನ್ನೂ ಬೇರೆ ಕುಂಡಕ್ಕೆ ಹಾಕಿ. ಕುಂಡ ಆಳವಾಗಿರಲಿ. ಅಕ್ವಿಲೀಜಿಯಾಕ್ಕೆ ಕ್ಯಾರೆಟ್ಟಿನ ಹಾಗೆ ನೇರ ಇಳಿಯುವ ತಾಯಿಬೇರಿದೆ. ಅದು ಮುರಿದರೆ ಗಿಡ ಸುಧಾರಿಸಿಕೊಳ್ಳಲು ಬಹಳ ಒದ್ದಾಡುತ್ತದೆ. ದೊಡ್ಡ ಗಿಡವನ್ನು ಅಗೆದು ಬೇರೆ ಕಡೆ ನೆಡುವುದು, ಬುಡ ಸೀಳಿ ಎರಡು ಮಾಡುವುದು ಬೇಡ. ಇನ್ನೊಂದು ಗಿಡ ಬೇಕಾದರೆ ಬೀಜ ಬಿತ್ತಿ.

ಜಾಗ ಅಂದರೆ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ. ಎಲೆ ಉದುರಿಸುವ ಮರದ ಅಡಿ ಬಹಳ ಚೆನ್ನ. ವಸಂತದಲ್ಲಿ ಬೆಳಕು, ಬೇಸಿಗೆಯಲ್ಲಿ ನೆರಳು ಎರಡೂ ಸಿಗುತ್ತದೆ. ಮಣ್ಣು ಸಡಿಲವಾಗಿರಲಿ, ಎಲೆಗೊಬ್ಬರ ಬೆರೆತಿರಲಿ. ತೇವ ಇರಬೇಕು, ನೀರು ನಿಲ್ಲಬಾರದು. ನಿಮ್ಮ ಮಣ್ಣು ಹೇಗಿದೆ ಅಂತ ತಿಳಿಯಲು ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಮೂರ್ನಾಲ್ಕು ಗಂಟೆಯಾದರೂ ಇಳಿಯದೆ ನಿಂತರೆ ಅಲ್ಲಿ ನೆಡಬೇಡಿ. ಇಲ್ಲವೇ ಮಡಿಯನ್ನು ಒಂದು ಗೇಣು ಎತ್ತರಿಸಿ, ದಪ್ಪ ಮರಳು ಮತ್ತು ಸಣ್ಣ ಜಲ್ಲಿ ಬೆರೆಸಿ. ಬೇಸಿಗೆಯಲ್ಲಿ ಈ ತೊಂದರೆ ಕಾಣುವುದಿಲ್ಲ. ಗಿಡ ಮಲಗಿದಾಗ, ಬೇರು ನೀರು ಕುಡಿಯದೇ ಇದ್ದಾಗ ತೋರುತ್ತದೆ.

ಗಿಡದಿಂದ ಗಿಡಕ್ಕೆ 30ರಿಂದ 45 ಸೆಂಟಿಮೀಟರ್ ಅಂತರ ಬಿಡಿ. ಕುಂಡದ ಮಣ್ಣಿನ ಗಡ್ಡೆ ಒಡೆಯದೆ ಹಾಗೇ ಇಳಿಸಿ. ಎಲೆಗಳು ಹುಟ್ಟುವ ಬುಡ ಮಣ್ಣಿನ ಮಟ್ಟಕ್ಕೇ ಇರಬೇಕು. ಹೂತು ಹೋದರೆ ಕೊಳೆಯುತ್ತದೆ. ಚಳಿಯ ಮೊದಲು ನೆಡುವುದಾದರೆ, ನೆಲ ಹೆಪ್ಪುಗಟ್ಟಲು ಇನ್ನೂ ಆರು ವಾರವಾದರೂ ಇರುವ ಹಾಗೆ ನೆಡಿ. ಬೇರು ಮಣ್ಣನ್ನು ಹಿಡಿದುಕೊಳ್ಳಬೇಕಲ್ವಾ.

ಹೆಜ್ಜೆ 3: ಬೇಸಿಗೆಯ ಆರೈಕೆ

ಇಲ್ಲಿ ಜಾಸ್ತಿ ಕೆಲಸವಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಬುಡಕ್ಕೆ ನೀರು ಕೊಡಿ. ವಸಂತದಲ್ಲಿ ಒಮ್ಮೆ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಸಾಕು. ಗೊಬ್ಬರ ಸುರಿದರೆ ಎಲೆ ಸೊಂಪಾಗುತ್ತದೆ, ಹೂ ಕಡಿಮೆಯಾಗುತ್ತದೆ. ಬೀಜದಿಂದ ಬಂದ ಗಿಡ ಸಾಮಾನ್ಯವಾಗಿ ಎರಡನೇ ವರ್ಷ ಹೂ ಬಿಡುತ್ತದೆ. ಮೊದಲ ವರ್ಷ ಅದು ಬೇರು ಇಳಿಸುವ ಕೆಲಸದಲ್ಲಿರುತ್ತದೆ.

ಮಳೆ ಬಂದು ನಿಂತ ಮೇಲೆ ಒಮ್ಮೆ ಗಿಡದ ಹತ್ತಿರ ಕುಳಿತು ನೋಡಿ. ಎಲೆಗೆ ನೀರು ಅಂಟುವುದಿಲ್ಲ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿಗಳು ಉರುಟಾಗಿ ನಿಂತು, ಮೂರು ಹಾಲೆಗಳ ನಡುವೆ ಒಂದು ದೊಡ್ಡ ಮುತ್ತಾಗಿ ಕೂಡಿರುತ್ತವೆ. ನನಗಂತೂ ಹೂವಿಗಿಂತ ಈ ಎಲೆಯೇ ಹೆಚ್ಚು ಇಷ್ಟ.

ಆ ಎಲೆಯ ಮೇಲೆ ಬಿಳಿ ಗೆರೆಗಳು ಅಂಕುಡೊಂಕಾಗಿ ಓಡಿದ್ದರೆ ಅದು ರಂಗೋಲಿ ಹುಳು. ಎಲೆಯ ಎರಡು ಪದರದ ನಡುವೆ ತಿನ್ನುತ್ತಾ ಹೋಗುತ್ತದೆ. ನೋಡಲು ಚೆಂದವಲ್ಲ ಅಷ್ಟೇ, ಗಿಡ ಸಾಯುವುದಿಲ್ಲ. ಆ ಎಲೆ ಕಿತ್ತು ಹಾಕಿ, ಔಷಧಿ ಹೊಡೆಯಬೇಡಿ. ಹುಳು ಎಲೆಯೊಳಗೆ ಇರುವುದರಿಂದ ಮೇಲೆ ಹೊಡೆದದ್ದು ಅದಕ್ಕೆ ಸರಿಯಾಗಿ ತಾಗುವುದಿಲ್ಲ, ದುಂಬಿಗಳಿಗೆ ಮಾತ್ರ ತಾಗುತ್ತದೆ. ರಾತ್ರಿ ಬೆಳಗಾಗುವುದರಲ್ಲಿ ಎಲೆಯೆಲ್ಲ ಹೋಗಿ ಬರೀ ದಂಟು ಉಳಿದಿದ್ದರೆ ಅದು ಸಣ್ಣ ಹಸಿರು ಹುಳುಗಳ ಕೆಲಸ. ಎಲೆಯ ಅಡಿ ಹುಡುಕಿ ಕೈಯಿಂದ ಆರಿಸಿ. ಬೇಸಿಗೆ ಕೊನೆಯಲ್ಲಿ ಬಿಳಿ ಪುಡಿ ಚೆಲ್ಲಿದ ಹಾಗೆ ಬೂದಿ ರೋಗ ಬಂದರೆ ಎಲೆಗಳನ್ನು ಬುಡದವರೆಗೆ ಕತ್ತರಿಸಿ, ನೀರು ಕೊಡಿ. ಕೆಲವೇ ವಾರದಲ್ಲಿ ಹೊಸ ಎಲೆ ಬರುತ್ತದೆ.

ಒಂದೇ ಒಂದು ರೋಗಕ್ಕೆ ಮಾತ್ರ ನಾನು ಕರುಣೆ ತೋರಿಸುವುದಿಲ್ಲ. ಎಲೆಯ ಮೇಲೆ ಹಳದಿ ಅಥವಾ ನೇರಳೆ ಮಚ್ಚೆ, ಅಡಿಯಲ್ಲಿ ಬಿಳಿ ಬೂಜು, ಕಾಂಡ ಮೊಗ್ಗುಗಳ ಮೇಲೂ ನೇರಳೆ ಕಲೆ. ಇದು ಅಕ್ವಿಲೀಜಿಯಾದ ಬೂಜು ರೋಗ. ಬ್ರಿಟನ್ನಿನಲ್ಲಿ 2013ರಲ್ಲಿ ಮೊದಲು ಕಂಡಿತು, ಅಲ್ಲಿನ ತೋಟಗಳಲ್ಲಿ ಬಹಳ ಹಾನಿ ಮಾಡಿತು. ಮನೆತೋಟದಲ್ಲಿ ಇದಕ್ಕೆ ಮದ್ದಿಲ್ಲ. ಗಿಡವನ್ನು ಬೇರುಸಹಿತ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಗಿಡದ ಬೀಜವನ್ನು ಯಾರಿಗೂ ಕೊಡಬೇಡಿ.

ಹೆಜ್ಜೆ 4: ಬೀಜ ಉಳಿಸಿ

ಅಕ್ವಿಲೀಜಿಯಾ ಬಹುಕಾಲ ಬಾಳುವ ಗಿಡವಲ್ಲ. ಮೂರರಿಂದ ಐದು ವರ್ಷಕ್ಕೆ ಬುಡ ಮುಪ್ಪಾಗುತ್ತದೆ. ಹಾಗಾಗಿ ಎಷ್ಟೇ ಚೆನ್ನಾಗಿ ಚಳಿಗಾಲ ದಾಟಿಸಿದರೂ ಒಂದು ವರ್ಷ ಅದು ಏಳುವುದಿಲ್ಲ. ಅದಕ್ಕೆ ಪ್ರತಿ ವರ್ಷ ಸ್ವಲ್ಪ ಬೀಜ ತೆಗೆದಿಡಿ.

ಹೂವಾಗಿದ್ದಾಗ ತಲೆ ಬಗ್ಗಿಸಿದ್ದದ್ದು ಕಾಯಾದ ಮೇಲೆ ನೆಟ್ಟಗೆ ಮೇಲೆ ನೋಡುತ್ತದೆ. ಐದು ಕೋಶಗಳ ಕಾಯಿ. ಒಣಗಿ ಕಂದಾಗಿ, ತುದಿ ಬಾಯಿ ಬಿಟ್ಟಾಗ ದಂಟನ್ನು ಸ್ವಲ್ಪ ಅಲ್ಲಾಡಿಸಿ. ಗಲಗಲ ಸದ್ದು ಬಂದರೆ ಬೀಜ ಮಾಗಿದೆ. ಕಾಗದದ ಪೊಟ್ಟಣ ಕೆಳಗೆ ಹಿಡಿದು ಕಾಯನ್ನು ಬಗ್ಗಿಸಿ. ಎಣ್ಣೆ ಸವರಿದ ಹಾಗೆ ಹೊಳೆಯುವ ಪುಟ್ಟ ಕಪ್ಪು ಬೀಜ ಉದುರುತ್ತದೆ. ಎರಡು ದಿನ ನೆರಳಲ್ಲಿ ಆರಿಸಿ ಎತ್ತಿಡಿ. ಸ್ವಲ್ಪವನ್ನು ಆಗಲೇ ಬಿತ್ತಿ.

ಬೇರೆ ಬೇರೆ ಬಣ್ಣದ ಗಿಡ ಅಕ್ಕಪಕ್ಕ ಇದ್ದರೆ ಮರಿಗಿಡಗಳು ತಾಯಿಯ ಹಾಗೇ ಬರುವುದಿಲ್ಲ. ಇವು ತಮ್ಮತಮ್ಮಲ್ಲೇ ಬಹಳ ಸುಲಭವಾಗಿ ಬೆರೆಯುತ್ತವೆ. ಒಂದೇ ಬಣ್ಣ ಬೇಕು ಅಂದರೆ ದೂರ ದೂರ ನೆಡಿ. ಬೀಜ ಬೇಡವಾದ ಗಿಡದಲ್ಲಿ ಬಾಡಿದ ಹೂವನ್ನು ಕೂಡಲೇ ಚಿವುಟಿ.

ಹೆಜ್ಜೆ 5: ಚಳಿಗಾಲ ದಾಟಿಸುವುದು

ಚಳಿ ಬೀಳಲು ಆರರಿಂದ ಎಂಟು ವಾರ ಇರುವಾಗಲೇ ಗೊಬ್ಬರ ನಿಲ್ಲಿಸಿ. ಆಗ ಚಿಗುರಿದ ಎಳೆ ಎಲೆ ಚಳಿಗೆ ಸುಟ್ಟು ಹೋಗುತ್ತದೆ, ಗಿಡದ ಶಕ್ತಿಯೂ ದಂಡ. ಎಲೆಗಳು ತಾವಾಗಿ ಕಪ್ಪಾಗುವವರೆಗೆ ಕತ್ತರಿಸಬೇಡಿ. ಕೊನೆವರೆಗೂ ಅವು ಬೇರಿಗೆ ಊಟ ಕಳಿಸುತ್ತಿರುತ್ತವೆ. ಕಪ್ಪಾದ ಮೇಲೆ ನೆಲದಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಪಕ್ಕದಲ್ಲಿ ಒಂದು ಕಡ್ಡಿ ನೆಡಿ. ಈ ಕಡ್ಡಿ ಸಣ್ಣ ವಿಷಯ ಅನ್ನಿಸಬಹುದು. ಆದರೆ ವಸಂತದಲ್ಲಿ ಗುದ್ದಲಿ ಹಿಡಿದು ಖಾಲಿ ಜಾಗ ಹುಡುಕುವಾಗ ಮಲಗಿದ ಬುಡವನ್ನು ಕಡಿಯುವುದು ತಪ್ಪುತ್ತದೆ.

ನೆಲದಲ್ಲಿರುವ ಗಿಡ ಮೈನಸ್ 20 ಡಿಗ್ರಿಗೂ ಕೆಳಗಿನ ಚಳಿ ತಡೆಯುತ್ತದೆ. ಹಿಮ ಬಿದ್ದರೆ ಇನ್ನೂ ಒಳ್ಳೆಯದು, ಅದು ಕಂಬಳಿ ಹೊದಿಸಿದ ಹಾಗೆ. ತೊಂದರೆ ಕೊಡುವುದು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ನೆಲ. ಮಣ್ಣಿನ ನೀರು ಗಟ್ಟಿಯಾಗುವಾಗ ಹಿಗ್ಗಿ ಗಿಡವನ್ನು ಮೇಲೆತ್ತುತ್ತದೆ. ಕರಗಿದಾಗ ಮಣ್ಣು ಕುಸಿಯುತ್ತದೆ, ಗಿಡ ಮೇಲೇ ಉಳಿಯುತ್ತದೆ. ನಾಲ್ಕು ಸಲ ಹೀಗಾದರೆ ಬೇರು ಗಾಳಿಗೆ ಬಂದು ಒಣಗುತ್ತದೆ. ಮೊದಲ ವರ್ಷದ ಸಸಿಗಳಿಗೆ ಈ ಅಪಾಯ ಹೆಚ್ಚು.

ಇದಕ್ಕೆ ಮಣ್ಣಿನ ಮೇಲೆ ಹೊದಿಕೆ ಹಾಕಬೇಕು. ಆದರೆ ಯಾವಾಗ ಅನ್ನುವುದು ಮುಖ್ಯ. ನೆಲ ಚೆನ್ನಾಗಿ ತಣ್ಣಗಾದ ಮೇಲೆ ಹಾಕಿ, ಮೊದಲೇ ಅಲ್ಲ. ಹೊದಿಕೆಯ ಕೆಲಸ ಗಿಡವನ್ನು ಬೆಚ್ಚಗಿಡುವುದಲ್ಲ, ನೆಲದ ತಂಪು ಏರಿಳಿಯದ ಹಾಗೆ ಕಾಯುವುದು. ಪೈನ್ ಎಲೆ, ಒಣಹುಲ್ಲು, ಪುಡಿ ಮಾಡಿದ ತರಗೆಲೆ ಯಾವುದಾದರೂ ಸರಿ, ಸುಮಾರು ಐದು ಸೆಂಟಿಮೀಟರ್ ದಪ್ಪ. ಅಗಲವಾದ ಎಲೆಗಳನ್ನು ಹಾಗೇ ಹಾಕಿದರೆ ಒದ್ದೆಯಾಗಿ ಚಾಪೆಯ ಹಾಗೆ ಕೂತು ಬುಡ ಕೊಳೆಯುತ್ತದೆ. ಬುಡದ ಮೇಲೆ ನೇರವಾಗಿ ಹಾಕದೆ, ಸುತ್ತ ಉಂಗುರದ ಹಾಗೆ ಹರಡಿ. ಬುಡದ ಪಕ್ಕ ಮಾತ್ರ ಸಣ್ಣ ಜಲ್ಲಿ ಉದುರಿಸಿದರೆ ನೀರು ಬೇಗ ಜಾರಿ ಹೋಗುತ್ತದೆ. ಬಿಸಿಲು ಬಂದು ನೆಲ ಕರಗಿದ ದಿನಗಳಲ್ಲಿ ಒಂದು ಸುತ್ತು ಹಾಕಿ. ಮೇಲೆದ್ದ ಸಸಿಯನ್ನು ಬೆರಳಿಂದ ಮೆಲ್ಲಗೆ ಒತ್ತಿ, ಸ್ವಲ್ಪ ಮಣ್ಣು ಕೊಡಿ.

ಕುಂಡದ ಗಿಡದ ಕಥೆ ಬೇರೆ. ನೆಲದಲ್ಲಿ ಚಳಿ ಮೇಲಿನಿಂದ ಮಾತ್ರ ಇಳಿಯುತ್ತದೆ, ಕುಂಡಕ್ಕೆ ನಾಲ್ಕೂ ಕಡೆಯಿಂದ ಹೊಡೆಯುತ್ತದೆ. ತಳದ ತೂತು ಹೆಪ್ಪುಗಟ್ಟಿದರೆ ನೀರು ಹೊರಗೆ ಹೋಗುವುದೂ ಇಲ್ಲ. ಜಾಗ ಇದ್ದರೆ ಕುಂಡವನ್ನೇ ಕಂಠದವರೆಗೆ ನೆಲದಲ್ಲಿ ಹೂತುಬಿಡಿ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಇಲ್ಲವಾದರೆ ಮನೆ ಗೋಡೆಗೆ ಒತ್ತಿ, ಮಳೆ ನೇರ ಬೀಳದ ಕಡೆ, ಇಟ್ಟಿಗೆ ಚೂರುಗಳ ಮೇಲೆ ಎತ್ತರಿಸಿ ಇಡಿ. ಸುತ್ತ ಗೋಣಿ ತಾಟು ಎರಡು ಸುತ್ತು ಸುತ್ತಿ. ಬೆಚ್ಚಗಿರದ ಶೆಡ್ ಇದ್ದರೆ ಅಲ್ಲಿಡಬಹುದು. ಬೆಚ್ಚನೆಯ ಕೋಣೆಗೆ ಮಾತ್ರ ತರಬೇಡಿ. ಮಣ್ಣು ಪೂರ್ತಿ ಒಣಗಿದರೂ ಬೇರು ಸಾಯುತ್ತದೆ. ತಿಂಗಳಿಗೊಮ್ಮೆ, ಹೆಪ್ಪುಗಟ್ಟದ ದಿನ ನೋಡಿ, ಒಂದು ಲೋಟ ನೀರು ಸಾಕು.

ಚಳಿಗಾಲವೇ ಇಲ್ಲದ ಕಡೆ ಇರುವವರು ಏನು ಮಾಡಬೇಕು? ಕುಂಡದಲ್ಲಿ ಬೆಳೆಸಿ, ಗಿಡ ಹತ್ತು ಹನ್ನೆರಡು ಎಲೆ ಬಿಟ್ಟು ಬಲಿತ ಮೇಲೆ ಫ್ರಿಜ್‌ನಲ್ಲಿ 4–5 ಡಿಗ್ರಿಯಲ್ಲಿ ಎಂಟರಿಂದ ಹತ್ತು ವಾರ ಇಡಬಹುದು. ಎಳೆ ಸಸಿಯನ್ನು ಇಟ್ಟರೆ ಪ್ರಯೋಜನವಿಲ್ಲ, ಬಲಿಯದ ಗಿಡ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊರಗೆ ತೆಗೆದ ಮೇಲೆ ಮೊದಲ ವಾರ ನೆರಳಲ್ಲಿಡಿ. ಹಳದಿಯಾದ ಎಲೆ ತೆಗೆದುಬಿಡಿ, ನಡುವಿನಿಂದ ಹೊಸದು ಬರುತ್ತದೆ.

ಹೆಜ್ಜೆ 6: ಎದ್ದೇಳುವ ಹೊತ್ತು

ಚಳಿ ಇಳಿಯುತ್ತಿದ್ದ ಹಾಗೆ ಹೊದಿಕೆಯನ್ನು ಒಂದೇ ದಿನ ತೆಗೆಯಬೇಡಿ. ಒಂದು ವಾರ ಸ್ವಲ್ಪ, ಮುಂದಿನ ವಾರ ಉಳಿದದ್ದು. ಬುಡ ಬದುಕಿದೆಯೋ ಇಲ್ಲವೋ ಅಂತ ಅಗೆದು ನೋಡುವುದು ಬೇಡ. ಕಡ್ಡಿಯ ಪಕ್ಕ ಕುಳಿತು ಬೆರಳ ತುದಿಯಿಂದ ಮೇಲಿನ ಮಣ್ಣು ಸರಿಸಿ. ಬುಡ ಒತ್ತಿದರೆ ಗಟ್ಟಿ ಇರಬೇಕು. ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಕೊಳೆತಿದೆ. ಗಟ್ಟಿ ಇದ್ದರೆ ಸುಮ್ನೆ ಮುಚ್ಚಿ, ಕಾಯಿರಿ.

ಕೆಲವು ದಿನಕ್ಕೆ ಕೆನ್ನೇರಳೆ ಬಣ್ಣದ ಪುಟ್ಟ ಮೊಗ್ಗು ಕಾಣುತ್ತದೆ. ಮಗುವಿನ ಮುಚ್ಚಿದ ಮುಷ್ಟಿಯ ಹಾಗೆ ಎಲೆಗಳು ಮಡಿಚಿಕೊಂಡಿರುತ್ತವೆ. ದಿನಕ್ಕೊಂದು ಬೆರಳು ಬಿಡಿಸಿದ ಹಾಗೆ ಬಿಚ್ಚಿ, ನೇರಳೆ ಹೋಗಿ ಹಸಿರಾಗುತ್ತದೆ. ಆಗ ಸುತ್ತ ಒಂದು ಹಿಡಿ ಕಾಂಪೋಸ್ಟ್ ಹಾಕಿ. ಹೂದಂಟು ಎದ್ದ ಮೇಲೆ ಮತ್ತೆ ಚಳಿ ಬೀಳುವ ಲಕ್ಷಣ ಕಂಡರೆ ಆ ರಾತ್ರಿ ಹಳೆಯ ಬೆಡ್‌ಶೀಟ್ ಹೊದಿಸಿ ಬೆಳಿಗ್ಗೆ ತೆಗೆಯಿರಿ.

ಗಿಡದ ಸುತ್ತ ಕಳೆ ಕೀಳುವ ಮೊದಲು ನೆಲವನ್ನು ಹತ್ತಿರದಿಂದ ನೋಡಿ. ಹೋದ ವರ್ಷ ಉದುರಿದ ಬೀಜದಿಂದ ಮೂರು ಹಾಲೆಯ ಪುಟ್ಟ ಎಲೆಗಳು ಅಲ್ಲಲ್ಲಿ ಬಂದಿರುತ್ತವೆ. ನಾಲ್ಕೈದನ್ನು, ಬೇರು ಇನ್ನೂ ಗಿಡ್ಡವಿರುವಾಗಲೇ, ಒಂದು ಚಮಚದಿಂದ ಮಣ್ಣಿನ ಸಮೇತ ಎತ್ತಿ ಕುಂಡಕ್ಕೆ ಹಾಕಿಕೊಳ್ಳಿ.